ಯೀಸ್ಟು ಕಟ್ಟಿಕೊಟ್ಟ ಮದ್ದು

ಮಧುಮೇಹಿಗಳ ಪಾಲಿಗೆ ಇನ್ಸುಲಿನ್ ಸಂಜೀವಿನಿಯೇ ಸರಿ. 1922ರಲ್ಲಿ ಟೊರಾಂಟೊ ನಗರದಲ್ಲಿ ಬಾಲಕನೊಬ್ಬನಿಗೆ ಮೊದಲು ಕೊಟ್ಟ ಈ ಮದ್ದನ್ನು ಸುಮಾರು 60 ವರ್ಷಗಳ ಕಾಲ ಹಂದಿ, ದನಗಳ ಮೇದೋಜೀರಕ ಗ್ರಂಥಿಗಳಿಂದಲೇ ತೆಗೆಯಬೇಕಾಗಿತ್ತು. ಬಳಿಕ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿನ ಜೀನನ್ನು ಸೂಕ್ಷ್ಮಜೀವಿಗಳಲ್ಲಿ ನೆಲೆಗೊಳಿಸಿದರು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಪಿಕಿಯಾ ಎಂಬ ಯೀಸ್ಟಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಉಕ್ಕಿನ ತೊಟ್ಟಿಗಳಲ್ಲಿ ಬೆಳೆಯುವ ಈ ಯೀಸ್ಟು, ತನಗೆ ಉಪಯೋಗವಿಲ್ಲದ ಪ್ರೋಟೀನನ್ನು ಮನುಷ್ಯನಿಗಾಗಿ ಕಟ್ಟಿಕೊಡುತ್ತದೆ!

ಜೀವಿಯ ಹುಟ್ಟುಗುಣವನ್ನು ತಿದ್ದುವುದು ಪ್ರಕೃತಿಗೆ ವಿರುದ್ಧವೆನ್ನುವವರುಂಟು. ಆದರೆ ಮಗುವೊಂದು ಇನ್ಸುಲಿನ್ ಇಲ್ಲದೆ ಸಾಯುವುದನ್ನು ಪ್ರಕೃತಿಯ ನಿಯಮವೆಂದು ಒಪ್ಪಲು ಯಾವ ತಾಯಿಗೆ ಸಾಧ್ಯ? ನಿಜವಾದ ಪ್ರಶ್ನೆ ಬೇರೆಯೇ ಇದೆ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಮೈಸೂರು ಜಿಲ್ಲೆಯ ಹೊಸ ಅಗ್ರಹಾರದಂತಹ ಊರಿನಲ್ಲಿ, ಫ್ರಿಜ್ ಇಲ್ಲದ ಕೂಲಿಕಾರನ ಮನೆಯ ಮಗುವಿಗೆ ಈ ರೋಗ ಬಂದರೆ, ಬೆಂಗಳೂರಿನ ಸಾಧನೆಯಿಂದ ಅದಕ್ಕೇನು ಪ್ರಯೋಜನ? ಆ ಮಗುವಿಗೆ ಇನ್ಸುಲಿನ್ ಅನ್ನದಷ್ಟೇ ನಿತ್ಯದ ಅಗತ್ಯ. ಲಸಿಕೆಗಳನ್ನು ತಂಪಾಗಿಟ್ಟು ಹಳ್ಳಿಹಳ್ಳಿಗೂ ಮುಟ್ಟಿಸುವ ವ್ಯವಸ್ಥೆ ನಾಡಿನಲ್ಲಿದೆ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆ ಲಸಿಕೆಗಳಂತೆಯೇ ಇನ್ಸುಲಿನ್ನೂ ಬಡವರ ಮಕ್ಕಳಿಗೆ ತಪ್ಪದೆ, ಉಚಿತವಾಗಿ ದೊರೆಯಬೇಕು.