ಹೆಸರಿಗೆ ಅರ್ಥ ಇರಲೇಬೇಕಾ?

ತನ್ವಿ, ಶಾನ್ವಿ, ಸಾನ್ವಿ, ದನ್ವಿ, ಪ್ರಾನ್ವಿ. ಇದು ಒಂದು ಸಾಲು. ಯಶಿಕಾ, ರಿಷಿಕಾ, ಲಿಶಿಕಾ, ದಿವಿಶಿಕಾ. ಇದು ಇನ್ನೊಂದು ಸಾಲು. ಅಕ್ಕನ ಮಗಳು, ಎದುರುಮನೆ ಪಾಪು, ದೊಡ್ಡಪ್ಪನ ಮೊಮ್ಮಗಳು, ಎಲ್ಲರೂ ಈಗ ಒಂದೇ ಪ್ರಾಸದಲ್ಲಿ ಹುಟ್ಟುತ್ತಿದ್ದಾರೆ. ನಾಮಕರಣದ ಊಟ ಮುಗಿಯೋ ಹೊತ್ತಿಗೆ ಹಿರಿಯರೊಬ್ಬರು ಕೇಳಿಯೇ ಕೇಳ್ತಾರೆ, "ಹಾಗಂದ್ರೆ ಏನಪ್ಪಾ ಅರ್ಥ?" ಅಪ್ಪ ಮೊಬೈಲ್ ನೋಡಿ ಹೇಳ್ತಾನೆ, "ಲಕ್ಷ್ಮಿ ಅಂತ." ಗೂಗಲ್ ಪ್ರಕಾರ ಅರ್ಧಕ್ಕರ್ಧ ಹೊಸ ಹೆಸರುಗಳೆಲ್ಲ ಲಕ್ಷ್ಮಿಯೇ. ಉಳಿದವು ಪಾರ್ವತಿ!

ಇದನ್ನು ನೋಡಿ ನಗೋದು ನಮ್ಮ ವಯಸ್ಸಿನವರಿಗೆ ತುಂಬಾ ಸುಲಭ. ಆದರೆ ನಾವು ಇಲ್ಲಿ ಹೇಳಹೊರಟಿರೋದು ಬೇರೆ. ಹೊಸ ಹೆಸರು ಕಟ್ಟೋದು ತಪ್ಪಲ್ಲ. ಆ ಹೆಸರಿಗೆ ಅರ್ಥ ಇಲ್ಲದಿದ್ದರೂ ತಪ್ಪಲ್ಲ. ಇಲ್ಲದ ಅರ್ಥವನ್ನು ಇದೆ ಅಂತ ಹೇಳೋದು ತಪ್ಪು. ಹೆಸರು ಕಟ್ಟುವಾಗ ಪಕ್ಕದಲ್ಲೇ ಇರುವ ಕನ್ನಡವನ್ನು ಮರೆಯೋದು ನಷ್ಟ.

ಮೊದಲು ಈ ಹೆಸರುಗಳು ಹೇಗೆ ತಯಾರಾಗ್ತವೆ ನೋಡೋಣ. 'ತನ್ವಿ' ನಿಜವಾದ ಸಂಸ್ಕೃತ ಪದ. ತೆಳ್ಳನೆಯ ಮೈಕಟ್ಟಿನವಳು ಅಂತ ಅರ್ಥ. 'ಜಾಹ್ನವಿ' ಅಂದರೆ ಜಹ್ನು ಋಷಿಯ ಮಗಳು, ಗಂಗೆ. ಅದು ಬಾಯಿಂದ ಬಾಯಿಗೆ ಸವೆದು 'ಜಾನ್ವಿ' ಆಯ್ತು. ಕೊನೆಯ 'ನ್ವಿ' ಕಿವಿಗೆ ಹಿತವಾಗಿದ್ದರಿಂದ ಮುಂದೆ ಬೇರೆ ಬೇರೆ ಅಕ್ಷರ ಜೋಡಿಸುತ್ತಾ ಹೋದರು. ಪರ್ಮ್ಯುಟೇಶನ್ ಕಾಂಬಿನೇಶನ್ ಅಂದ್ರೆ ಇದೇ ಅಲ್ವಾ? ಕೆಲವೊಮ್ಮೆ ಈ ಲೆಕ್ಕ ಎಲ್ಲೋ ಹೋಗಿ ನಿಲ್ಲುತ್ತೆ. 'ಮಾನ್ವಿ' ಅಂತ ಹೆಸರಿಟ್ಟವರು ರಾಯಚೂರು ಜಿಲ್ಲೆಯ ನಕ್ಷೆಯನ್ನು ಒಮ್ಮೆ ನೋಡಬೇಕು. ಅಲ್ಲಿ ಅದು ತಾಲ್ಲೂಕು!

ಹೆತ್ತವರನ್ನು ಮಾತ್ರ ದೂರುವಂತಿಲ್ಲ. ಜಾತಕ ನೋಡಿ ಹೆಸರಿಡುವ ಮನೆಗಳಲ್ಲಿ 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರಗಳ ಪಟ್ಟಿ ಇರುತ್ತೆ. ಮಗು ಹುಟ್ಟಿದ ಪಾದದ ಅಕ್ಷರದಿಂದಲೇ ಹೆಸರು ಶುರುವಾಗಬೇಕು. ಆರಿದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಙ, ಣ ಇಟ್ಟುಕೊಂಡು ಹೆಣ್ಣುಮಗುವಿಗೆ ಏನಂತ ಹೆಸರಿಡೋದು ಹೇಳಿ? ಇದರ ಮೇಲೆ ಹೆಸರು ಚಿಕ್ಕದಿರಬೇಕು, ಕ್ಲಾಸಿನಲ್ಲಿ ಬೇರೆ ಯಾರಿಗೂ ಇರಬಾರದು, ಅಮೆರಿಕಾದವರಿಗೂ ಹೇಳೋಕೆ ಬರಬೇಕು. ಇಷ್ಟೆಲ್ಲ ಕಂಡಿಷನ್ ಹಾಕಿದರೆ ನಿಘಂಟಿನಲ್ಲಿ ಉತ್ತರ ಸಿಗೋದಿಲ್ಲ, ಹೊಸದಾಗಿ ಕಟ್ಟಲೇಬೇಕು.

ಇನ್ನು ಅರ್ಥದ ವಿಷಯ. "ನಮ್ಮ ಕಾಲದ ಹೆಸರಿಗೆಲ್ಲ ಅರ್ಥ ಇತ್ತು" ಅಂತ ಹಿರಿಯರು ಹೇಳ್ತಾರೆ. ಇತ್ತು, ಒಪ್ಪೋಣ. ಆದರೆ ಎಂಥ ಅರ್ಥ? ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ 'ಸಾಕಮ್ಮ' ಅಂತ ಹೆಸರಿಡುತ್ತಿದ್ದರು. ಇನ್ನು ಸಾಕು ಅಂತ ದೇವರಿಗೆ ಕೊಟ್ಟ ಅರ್ಜಿ ಅದು. ಆ ಅರ್ಜಿಯನ್ನು ಆ ಹುಡುಗಿ ಬದುಕಿಡೀ ಹೊತ್ತು ತಿರುಗಬೇಕಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ದೃಷ್ಟಿಯಾಗದಿರಲಿ ಅಂತ 'ತಿಪ್ಪಮ್ಮ' ಅಂತಿದ್ದರು. ಅದರ ಹಿಂದೆ ಇದ್ದದ್ದು ಪ್ರೀತಿ ಮತ್ತು ಭಯ, ನಿಜ. ಆದರೂ ಪದದ ಅರ್ಥ ತಿಪ್ಪೆಯೇ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರ್‌ನಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ಅವರಿಗೆಲ್ಲ ಮೊದಲು ಇದ್ದ ಹೆಸರು 'ನಕುಶಾ'. ಮರಾಠಿಯಲ್ಲಿ ಬೇಡವಾದವಳು ಅಂತ ಅರ್ಥ. ಹೊಸ ಹೆಸರು ಆರಿಸಿಕೊಳ್ಳಿ ಅಂದಾಗ ಕೆಲವರು ಸಿನಿಮಾ ನಟಿಯ ಹೆಸರಾದ 'ಐಶ್ವರ್ಯಾ'ವನ್ನೇ ಆರಿಸಿಕೊಂಡರು. ಅದನ್ನು ಫ್ಯಾಷನ್ ಅಂತ ಟೀಕಿಸೋ ಧೈರ್ಯ ನಮಗಂತೂ ಇಲ್ಲ.

ಹಾಗಾಗಿ 'ದನ್ವಿ'ಗೆ ಅರ್ಥ ಇಲ್ಲ ಅಂತ ಯಾರಾದರೂ ಮೂಗು ಮುರಿದರೆ ನಮಗೆ ಅನಿಸೋದು ಇಷ್ಟೇ. ಸಾಕಮ್ಮನಿಗೆ ಅರ್ಥ ಇತ್ತು, ದನ್ವಿಗೆ ಇಲ್ಲ. ಆದರೆ ದನ್ವಿ ಅನ್ನೋ ಹೆಸರಿಗಾಗಿ ಅಪ್ಪ ಅಮ್ಮ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ, ಈ ಮಗಳು ನಮಗೆ ಬೇಕು ಅಂತ. ಅಷ್ಟು ಅರ್ಥ ಸಾಕಲ್ವಾ? ಇನ್ನು ಹೆಸರೇ ಹಣೆಬರಹವೂ ಅಲ್ಲ. ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ ಕಟ್ಟಿ ಊರಿಗೆಲ್ಲ ಪರಿಚಿತರಾದ ಮಹಿಳೆಯ ಹೆಸರು ಸಾಕಮ್ಮ ಅಂತಲೇ ಇತ್ತು.

ಹೊಸ ಹೆಸರು ಕಟ್ಟೋದು ನಮ್ಮ ಕಾಲದ ಚಟ ಅನ್ನೋರಿಗೂ ಒಂದು ಉದಾಹರಣೆ ಇದೆ. 1938ರಲ್ಲಿ ಹುಟ್ಟಿದ ಮೊದಲ ಮಗನಿಗೆ ಕುವೆಂಪು ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಎರಡನೆಯವನು ಕೋಕಿಲೋದಯ ಚೈತ್ರ. ಹೆಣ್ಣುಮಕ್ಕಳು ಇಂದುಕಲಾ, ತಾರಿಣಿ. ಮುಂದೆ ತೇಜಸ್ವಿಯವರು ತಮ್ಮ ಮಕ್ಕಳಿಗೆ ಸುಸ್ಮಿತಾ, ಈಶಾನ್ಯೆ ಅಂತ ಹೆಸರಿಟ್ಟರು. ದಿಕ್ಕಿನ ಹೆಸರು ಮಗಳ ಹೆಸರಾಯ್ತು! ಆ ಕಾಲದಲ್ಲಿ ಇಂಥ ಹೆಸರು ಕೇಳಿ ಹುಬ್ಬೇರಿಸಿದವರು ಇರಲಿಲ್ಲ ಅಂತೀರಾ? ವ್ಯತ್ಯಾಸ ಏನಂದ್ರೆ, ಅವರು ಹೆಸರು ಹುಡುಕಲು ಆಕಾಶ, ಕೋಗಿಲೆ, ಚಂದ್ರನ ಕಡೆ ನೋಡಿದರು. ನಾವು 'ಟಾಪ್ 100' ಪಟ್ಟಿ ಕಡೆ ನೋಡ್ತೀವಿ.

ನಮ್ಮ ನಿಜವಾದ ತಕರಾರು ಇರೋದು ಇಲ್ಲಿ. ಹೊಸ ಹೆಸರುಗಳಲ್ಲಿ 'ಳ' ಎಲ್ಲಿದೆ ಹುಡುಕಿ. ಅಮ್ಮಂದಿರ ತಲೆಮಾರಿನಲ್ಲಿ ಮಂಗಳಾ, ಸರಳಾ ಇದ್ದರು. ಈಗ ಆ ಅಕ್ಷರವೇ ಅಪರೂಪ. ಪಟ್ಟಿ ಇಡೀ ದೇಶಕ್ಕೆ ಒಂದೇ ಆದಾಗ, ಎಲ್ಲರಿಗೂ ಹೇಳೋಕೆ ಬರದ ಅಕ್ಷರ ಮೊದಲು ಬಿದ್ದುಹೋಗುತ್ತೆ. ಹೊಸದು, ಚಿಕ್ಕದು, ಇಂಪಾದದ್ದು ಬೇಕು ಅಂದ್ರೆ ಕನ್ನಡದಲ್ಲಿ ಇಲ್ವಾ? 'ಇಂಚರ' ಇದೆ, ಇನಿದಾದ ದನಿ ಅಂತ. 'ಇಬ್ಬನಿ' ಇದೆ. 'ಮಿಂಚು', 'ಸೋನೆ', 'ಹೊನ್ನಿ' ಇವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡ ಅಂಕಿಗಳನ್ನು ಇವತ್ತಿಗೂ ಎಣಿಸಿ ಎಣಿಸಿ ಓದುವ ನಮಗೇ ಈ ಪದಗಳು ಚೆಂದ ಅನ್ನಿಸುತ್ತವೆ. ಹಾಗಿರುವಾಗ ಕನ್ನಡದ ಹೆಸರು ಯಾರಿಗೂ ಇಷ್ಟ ಆಗಲ್ಲ ಅನ್ನೋ ಮಾತನ್ನು ನಾವು ನಂಬಲ್ಲ.

ಹೆಸರು ಹುಡುಕುತ್ತಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮ್ಮ ಕಡೆಯಿಂದ ಕೆಲವು ಮಾತು. ಅವಸರ ಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತೆ, ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಇಂಗ್ಲಿಷ್ ಸ್ಪೆಲ್ಲಿಂಗ್ ಒಂದನ್ನೇ ಆರಿಸಿ, ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಎರಡು 'ಎ', ಮೂರು 'ಐ' ಸೇರಿಸಬೇಡಿ. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಆದರೆ ಅಲೆಯೋದು ನೀವಲ್ಲ, ನಿಮ್ಮ ಮಗಳು. ಹೆಸರನ್ನು ಅಜ್ಜಿ ಕೈಲಿ ಜೋರಾಗಿ ಕೂಗಿಸಿ ನೋಡಿ. ಅಜ್ಜಿಯ ನಾಲಿಗೆ ಹೊರಳದಿದ್ದರೆ ಅವರು ಹೇಗೂ 'ಪುಟ್ಟಿ' ಅಂತಲೇ ಕರೀತಾರೆ.

ಯಾರಾದರೂ ಅರ್ಥ ಕೇಳಿದರೆ ಸುಳ್ಳು ಲಕ್ಷ್ಮಿಯನ್ನು ಕರೆತರಬೇಡಿ. "ನಾವೇ ಕಟ್ಟಿದ ಹೆಸರು, ನಮಗೆ ಇಷ್ಟ ಆಯ್ತು" ಅಂತ ಧೈರ್ಯವಾಗಿ ಹೇಳಿ. ಮಗಳು ದೊಡ್ಡವಳಾಗಿ ಕೇಳಿದಾಗಲೂ ಇದೇ ಉತ್ತರ ಕೊಡಿ. ಇನ್ನು ಅರವತ್ತು ವರ್ಷಕ್ಕೆ ಬಸ್ಸಿನಲ್ಲಿ ಹಿರಿಯ ನಾಗರಿಕರ ಸೀಟಿನ ಮೇಲೆ ಶಾನ್ವಿ ಅಜ್ಜಿ, ಲಿಶಿಕಾ ಅಜ್ಜಿ ಕೂತು, ಆಗಿನ ಮಕ್ಕಳ ಹೆಸರು ಕೇಳಿ "ಇದೆಂಥ ಹೆಸರಪ್ಪಾ, ನಮ್ಮ ಕಾಲದಲ್ಲಿ ಎಷ್ಟು ಚೆನ್ನಾಗಿರ್ತಿತ್ತು" ಅಂತಾರೆ. ಅವರ ಪಕ್ಕದಲ್ಲಿ ಒಬ್ಬಳಾದರೂ ಇಬ್ಬನಿ ಅಜ್ಜಿ ಕೂತಿರಲಿ ಅನ್ನೋದು ನಮ್ಮ ಆಸೆ.