ಬಂದು ಹೋಗುವ ಕಾಮಾಲೆ

ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿತೆಂದರೆ ಕನ್ನಡನಾಡಿನ ಮನೆಗಳಲ್ಲಿ ಒಗ್ಗರಣೆ ನಿಲ್ಲುತ್ತದೆ. ಮಜ್ಜಿಗೆ ಅನ್ನದ ಪಥ್ಯ ಮೊದಲಾಗುತ್ತದೆ. ನೆಲನೆಲ್ಲಿಯ ರಸ ಸಿದ್ಧವಾಗುತ್ತದೆ. ಕೆಲವು ವಾರಗಳಲ್ಲಿ ಹಳದಿ ಇಳಿದರೆ ಕೀರ್ತಿಯೆಲ್ಲ ಔಷಧಿಗೆ. ವೈರಸ್ಸಿನಿಂದ ಬಂದ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುವಂಥದಾದುದರಿಂದ ಈ ನಂಬಿಕೆಗೆ ಭಂಗ ಬರುವುದು ವಿರಳ. ಆದರೆ ಇಳಿದ ಕಾಮಾಲೆ ಕೆಲವು ತಿಂಗಳಲ್ಲಿ ಮರಳಿ ಬಂದರೆ, ಜೊತೆಗೆ ಚಳಿಜ್ವರವೂ ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವೂ ಇದ್ದರೆ, ಪಥ್ಯವನ್ನೇ ನಂಬಿ ಕುಳಿತಿರುವುದು ಅಪಾಯಕರ.

ಯಕೃತ್ತು ದಿನಕ್ಕೆ ಅರ್ಧದಿಂದ 1 ಲೀಟರಿನವರೆಗೆ ಪಿತ್ತರಸವನ್ನು ಸ್ರವಿಸುತ್ತದೆ. ಅದು ಕರುಳನ್ನು ಸೇರುವ ಮುಖ್ಯನಾಳದ ಅಗಲ ಸಾಮಾನ್ಯವಾಗಿ 6 ಮಿಲಿಮೀಟರಿನಷ್ಟು ಮಾತ್ರ. ಇಷ್ಟು ಕಿರಿದಾದ ಹಾದಿಗೆ ಹೆಚ್ಚಾಗಿ ಅಡ್ಡಬರುವುದು ಕಲ್ಲು. ಅಪರೂಪಕ್ಕೊಮ್ಮೆ ನಾಳದ ಒಳಪದರದಿಂದಲೇ ಸಣ್ಣ ಬೆರಳುಗಳಂತೆ ಕವಲೊಡೆದ ಗೆಡ್ಡೆ ಹುಟ್ಟುತ್ತದೆ. ಇಂಥ ಗೆಡ್ಡೆಗಳಲ್ಲಿ ಕೆಲವು ಧಾರಾಳವಾಗಿ ಲೋಳೆಯನ್ನು ಸುರಿಸುತ್ತವೆ. ಲೋಳೆ ಕಟ್ಟಿಕೊಂಡಾಗ ಪಿತ್ತ ತಡೆದು ರಕ್ತಕ್ಕೆ ಸೇರಿ ಕಾಮಾಲೆಯಾಗುತ್ತದೆ. ಮೂತ್ರ ಕಪ್ಪೇರಿ ಮಲ ಬಿಳಿಚುತ್ತದೆ. ಲೋಳೆ ಜಾರಿ ಕರುಳಿಗಿಳಿದಾಗ ಹಳದಿಯೂ ಇಳಿಯುತ್ತದೆ. ಗೆಡ್ಡೆ ಮಾತ್ರ ಇದ್ದಲ್ಲಿಯೇ ಬೆಳೆಯುತ್ತಿರುತ್ತದೆ. ರೋಗಿ ಗುಣವಾಯಿತೆಂದು ನಿಟ್ಟುಸಿರಿಡುವ ದಿನಗಳೇ ರೋಗಕ್ಕೆ ಸಿಕ್ಕ ಅವಕಾಶ.

ಈ ಬಗೆಯ ಗೆಡ್ಡೆ ಜಪಾನ್, ಕೊರಿಯಾ ಮೊದಲಾದ ಪೂರ್ವದೇಶಗಳಲ್ಲಿ ಹೆಚ್ಚಾಗಿ ಕಂಡುಬಂದಿದೆ. ಯಕೃತ್ತಿನೊಳಗಿನ ನಾಳಗಳಲ್ಲಿ ಬಹುಕಾಲ ನಿಂತ ಕಲ್ಲುಗಳಿಗೂ, ಹಸಿಯಾದ ಸಿಹಿನೀರಿನ ಮೀನಿನ ಮೂಲಕ ದೇಹವನ್ನು ಹೊಕ್ಕು ಪಿತ್ತನಾಳದಲ್ಲಿ ನೆಲಸುವ ಚಪ್ಪಟೆ ಹುಳುಗಳಿಗೂ ಇದರೊಡನೆ ನಂಟುಂಟು.

ಲೋಳೆ ತುಂಬಿದ ಇನ್ನೊಂದು ಬಗೆಯ ಗೆಡ್ಡೆ ಯಕೃತ್ತಿನಲ್ಲಿ ಚೀಲದಂತೆ ಬೆಳೆಯುತ್ತದೆ. ಇದು ಬಹುತೇಕ ಹೆಂಗಸರಲ್ಲಿ, ಅದರಲ್ಲಿಯೂ ನಡುವಯಸ್ಸಿನವರಲ್ಲಿ ಕಾಣುತ್ತದೆ. ಚೀಲದ ಗೋಡೆಯಲ್ಲಿ ಅಂಡಾಶಯವನ್ನು ಹೋಲುವ ಅಂಗಾಂಶವಿರುವುದೇ ಇದರ ಗುರುತು. ಸಾಮಾನ್ಯವಾಗಿ ಇದಕ್ಕೂ ಪಿತ್ತನಾಳಕ್ಕೂ ಸಂಪರ್ಕವಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರ್ಗೀಕರಣ ಇವೆರಡನ್ನೂ ಪ್ರತ್ಯೇಕ ರೋಗಗಳೆಂದು ಎಣಿಸಿತು.

ಪರೀಕ್ಷೆಯಲ್ಲಿ ಮೊದಲನೆಯದು ಅಲ್ಟ್ರಾಸೌಂಡ್. ನಾಳ ಹಿಗ್ಗಿರುವುದು ಅಥವಾ ಚೀಲವಿರುವುದು ಅದರಲ್ಲಿ ತಿಳಿಯುತ್ತದೆ. ಬಳಿಕ ಎಂ.ಆರ್.ಐ. ಯಂತ್ರ ಪಿತ್ತನಾಳಗಳ ಕವಲುಗಳನ್ನೆಲ್ಲ ಚಿತ್ರಿಸಿ ತೋರಿಸುತ್ತದೆ. ಬಾಯಿಯ ಮೂಲಕ ಇಳಿಸುವ ದರ್ಶಕನಳಿಕೆಯಿಂದ ಪಿತ್ತನಾಳದ ದ್ವಾರವನ್ನು ನೋಡಿದಾಗ ಅಲ್ಲಿಂದ ಲೋಳೆ ಒಸರುತ್ತಿದ್ದರೆ ರೋಗದ ಸುಳಿವು ಸಿಕ್ಕಂತೆಯೇ. ಅದೇ ನಳಿಕೆಯಿಂದ ಲೋಳೆಯನ್ನು ತೆಗೆದು ಜ್ವರವನ್ನೂ ಕಾಮಾಲೆಯನ್ನೂ ತಗ್ಗಿಸಬಹುದು. ಆದರೆ ಇದು ತಾತ್ಕಾಲಿಕ ಉಪಶಮನ.

ನಿಜವಾದ ಚಿಕಿತ್ಸೆ ಶಸ್ತ್ರಕ್ರಿಯೆ. ಗೆಡ್ಡೆಯನ್ನು ಯಕೃತ್ತಿನ ಆ ಭಾಗದೊಡನೆ, ಅಗತ್ಯವಾದರೆ ನಾಳದೊಡನೆ, ಪೂರ್ಣವಾಗಿ ಕತ್ತರಿಸಿ ತೆಗೆಯಬೇಕು. ಚೀಲದಿಂದ ಸೂಜಿಯಲ್ಲಿ ನೀರು ಹೀರಿದರೆ ಅಥವಾ ಅದರ ಗೋಡೆಯನ್ನು ಅರ್ಧಕ್ಕೆ ಕತ್ತರಿಸಿ ಬಿಟ್ಟರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಯಕೃತ್ತಿನ ಭಾಗವನ್ನು ಕಳೆದುಕೊಳ್ಳುವೆವೆಂಬ ಭಯ ಸಹಜವೇ. ಆದರೆ ಉಳಿದ ಭಾಗ ಆರೋಗ್ಯವಾಗಿದ್ದರೆ ವಾರಗಳಲ್ಲಿಯೇ ಬೆಳೆದು ಕೊರತೆಯನ್ನು ತುಂಬಿಕೊಡುತ್ತದೆ.

ಈ ಗೆಡ್ಡೆಗಳು ಕ್ಯಾನ್ಸರಾಗಿ ಮಾರ್ಪಡಬಲ್ಲವು. ಗೋಡೆಯನ್ನು ಭೇದಿಸಿ ಹಬ್ಬುವ ಮೊದಲೇ ಪೂರ್ಣವಾಗಿ ತೆಗೆದರೆ ಫಲಿತಾಂಶ ಪಿತ್ತನಾಳದ ಸಾಮಾನ್ಯ ಕ್ಯಾನ್ಸರಿಗಿಂತ ಬಹಳ ಉತ್ತಮ. ಶಸ್ತ್ರಕ್ರಿಯೆಯ ಅನಂತರವೂ ವರ್ಷಗಳ ಕಾಲ ತಪಾಸಣೆ ಬೇಕು. ನಾಳದ ಮತ್ತೊಂದೆಡೆ ಗೆಡ್ಡೆ ಹುಟ್ಟುವುದುಂಟು.

ಮರಳಿ ಬಂದ ಕಾಮಾಲೆಯವರೆಲ್ಲರಿಗೂ ಈ ರೋಗವಿರುವುದಿಲ್ಲ. ಹೆಚ್ಚಿನವರಲ್ಲಿ ಬೇರೆ ಕಾರಣವೇ ಇರುತ್ತದೆ. ಆದರೆ ಆ ಕಾರಣವನ್ನು ಕನ್ನಡಿಯಲ್ಲಿ ಕಣ್ಣು ನೋಡಿ ನಿರ್ಣಯಿಸಲಾಗದು. ಎರಡನೆಯ ಸಲ ಹಳದಿ ಕಂಡಾಗ ಪಥ್ಯದ ಅಡಿಗೆಗೆ ಮೊದಲು ವೈದ್ಯರ ಮನೆಯ ಹಾದಿ ಹಿಡಿಯುವುದು ಲೇಸು.