ಬೀದಿ ವ್ಯಾಪಾರಿಗೂ ಬಜೆಟ್‌ನಲ್ಲಿ ಜಾಗವಿರಲಿ



ನಮ್ಮೂರಿನ ಪುರಸಭೆಯ ಬಜೆಟ್ ಪೂರ್ವಭಾವಿ ಸಭೆಯಲ್ಲಿ ಚರಂಡಿ, ಬೀದಿದೀಪ, ನೀರಿನ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ವ್ಯಾಪಾರ ಕುಸಿದಾಗ ಸಣ್ಣ ಅಂಗಡಿಯವರ ಕೈಹಿಡಿಯುವುದು ಹೇಗೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

2021ರ ಲಾಕ್‌ಡೌನ್ ವೇಳೆ ರಾಜ್ಯ ಸರ್ಕಾರ ನೋಂದಾಯಿತ ಬೀದಿ ವ್ಯಾಪಾರಿಗಳಿಗೆ ತಲಾ 2,000 ರೂಪಾಯಿ ಘೋಷಿಸಿತು. ಬಸ್ ನಿಲ್ದಾಣದೆದುರು ಮೊಳದ ಲೆಕ್ಕದಲ್ಲಿ ಹೂ ಮಾರುವ ಅಜ್ಜಿಗೆ ಅದು ಸಿಗಲಿಲ್ಲ. ಅವರ ಬಳಿ ಗುರುತಿನ ಚೀಟಿಯೇ ಇರಲಿಲ್ಲ. ಸುಂಕ ವಸೂಲಿ ಗುತ್ತಿಗೆದಾರರು ಕೊಟ್ಟ ರಸೀದಿಗಳು ಮಾತ್ರ ಹೂಬುಟ್ಟಿಯ ತಳದಲ್ಲಿ ಕಂತೆಗಟ್ಟಲೆ ಇದ್ದವು. ವಸೂಲಿಗೆ ಕಣ್ಣಿಗೆ ಬೀಳುವವರು ನೆರವಿನ ಹೊತ್ತಿಗೆ ಎಲ್ಲಿ ಮಾಯವಾಗುತ್ತಾರೋ!

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಬೀದಿ ವ್ಯಾಪಾರಿಗಳಿಗಾಗಿ ಇರುವ ಪಿಎಂ ಸ್ವನಿಧಿ ಯೋಜನೆಯ ಮೊದಲ ಕಂತಿನ ಸಾಲದ ಮಿತಿ ಈಗ 15,000 ರೂಪಾಯಿಗೆ ಏರಿದೆ. ಅದಕ್ಕೂ ಸ್ಥಳೀಯ ಸಂಸ್ಥೆಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು.

ಸಂಕಷ್ಟ ಬಂದ ಮೇಲೆ ಪಟ್ಟಿ ಮಾಡಲು ಕೂತರೆ ಪ್ರಯೋಜನವಿಲ್ಲ. ಸಮೀಕ್ಷೆ ಈಗಲೇ ಮುಗಿಯಲಿ. ಮಾರುಕಟ್ಟೆ ಮುಚ್ಚಿದ ದಿನಗಳ ನೆಲಬಾಡಿಗೆ ಮನ್ನಾ ಮಾಡುವ ಷರತ್ತು ಸುಂಕದ ಗುತ್ತಿಗೆ ಕರಾರಿನಲ್ಲೇ ಸೇರಲಿ. ಪುರಸಭೆ ಮಳಿಗೆಗಳ ಬಾಡಿಗೆ ಬಾಕಿಯನ್ನು ದಂಡವಿಲ್ಲದೆ ಕಂತುಗಳಲ್ಲಿ ಕಟ್ಟಿಸಿಕೊಳ್ಳಲಿ. ಆದಾಯ ಖೋತಾ ಆದೀತು ಎಂಬ ಆತಂಕ ಸಹಜ. ಆದರೆ ಮಳಿಗೆಗೆ ಬೀಗ ಬಿದ್ದರೆ ಬಾಡಿಗೆಯೇ ಬಾರದು. ಮುಖ್ಯಾಧಿಕಾರಿಗಳು ಮತ್ತು ಸದಸ್ಯರು ಬಜೆಟ್ ಮಂಡನೆಗೆ ಮುನ್ನ ಇತ್ತ ಗಮನ ಹರಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ತುಮಕೂರು ಜಿಲ್ಲೆ